ಅಂಚೆಗೆ ಹಾಕದ ಹಿಂಬರಹ

ಮಹದೇವಮ್ಮನವರೇ, ನಿಮ್ಮ ಅರ್ಜಿಗೆ ಕಚೇರಿಯ ಉತ್ತರವೆಂದು ತೋರಿಸಿದ ಆ ಹಿಂಬರಹ ನಿಮ್ಮ ಮನೆಗೆ ಬಂದೇ ಇರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ — ಅದನ್ನು ನಾನು ಬರೆದದ್ದೇ ನಿಮ್ಮ ಯಜಮಾನರು ಸತ್ತ ನಾಲ್ಕನೆಯ ದಿನ. ಅದರ ಮೇಲಿನ ತಾರೀಕು ಸುಳ್ಳು. ರವಾನೆ ಸಂಖ್ಯೆ ಸುಳ್ಳು. ‘ಸಾಮಾನ್ಯ ಅಂಚೆ ಮೂಲಕ’ ಎಂದು ಮೂಲೆಯಲ್ಲಿ ಬರೆದದ್ದೂ ಸುಳ್ಳು. ಕೆಳಗಿನ ಸಹಿ ಒಂದೇ ನಿಜ. ಅದು ನನ್ನದು.

ಇದನ್ನು ಬಾಯಲ್ಲಿ ಹೇಳಿದಾಗ ನೀವು ಬರೆದು ಕೊಡಿ ಎಂದಿರಿ. ಬರೆಯುತ್ತಿದ್ದೇನೆ. ಬೇರೆಯವರೂ ಓದುತ್ತಾರೆ, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಎಲ್ಲಾದರೂ ನನ್ನನ್ನು ನಾನು ಒಳ್ಳೆಯವನನ್ನಾಗಿ ಮಾಡಿಕೊಳ್ಳುತ್ತಿದ್ದೇನೆ ಅನ್ನಿಸಿದರೆ — ಆ ಸಾಲಿಗೆ ಗೀಟು ಎಳೆಯಿರಿ. ಮೂವತ್ತು ವರ್ಷ ಕಾಗದ ಬರೆದು ಬದುಕಿದ ಕೈ ಇದು. ಇದರ ಮೇಲೆ ನನಗೇ ನಂಬಿಕೆಯಿಲ್ಲ.

ನಾನು ಶ್ರೀಕಂಠಮೂರ್ತಿ, ನಂಜನಗೂಡಿನವನು. ನಮ್ಮ ತಂದೆ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ನಾನು ಪಂಚಾಯಿತಿ ಕೆಲಸಕ್ಕೆ ಸೇರಿ, ಕೊನೆಯ ಆರು ವರ್ಷ ನಂಜನಗೂಡು–ಟಿ. ನರಸೀಪುರ ರಸ್ತೆಯ ಮೇಲಿನ ನಿಮ್ಮೂರಿನಲ್ಲಿ ಅಭಿವೃದ್ಧಿ ಅಧಿಕಾರಿಯಾಗಿದ್ದು, ಕಳೆದ ವರ್ಷ ನಿವೃತ್ತನಾದೆ. ನೀವೆಲ್ಲ ಪಿಡಿಓ ಸಾಹೇಬರು ಎನ್ನುತ್ತಿದ್ದಿರಿ. ಅರ್ಜಿ ತಂದವರ ಕೈಯಿಂದ ಒಂದು ಲೋಟ ಕಾಫಿ ಕೂಡ ಕುಡಿದವನಲ್ಲ ಎಂದು ತಾಲ್ಲೂಕಿನಲ್ಲಿ ನನಗೆ ಹೆಸರಿತ್ತು. ಆ ಹೆಸರನ್ನು ನಾನು ಹೊದ್ದುಕೊಂಡು ಓಡಾಡಿದೆ. ಈಗ ಅನ್ನಿಸುತ್ತದೆ, ನಾನು ಕೈ ಚಾಚುವ ಅಧಿಕಾರಿಯಾಗಿದ್ದರೆ ನಿಮ್ಮ ಕೆಲಸವಾದರೂ ಆಗುತ್ತಿತ್ತು. ನಿಮ್ಮ ಯಜಮಾನರು ಇವತ್ತು ಇರುತ್ತಿದ್ದರು. ನನಗೆ ಬೇಕಾಗಿದ್ದದ್ದು ದುಡ್ಡಲ್ಲ. ಅದಕ್ಕಿಂತ ಕೀಳಾದದ್ದು.

ನಿಮ್ಮ ಯಜಮಾನರು ಸಿದ್ದರಾಜು ಎಲೆಕ್ಟ್ರಿಕ್ ಗೂಡ್ಸ್ ಆಟೋ ಓಡಿಸುತ್ತಿದ್ದರು. ನರಸೀಪುರದ ಸಂತೆಯಿಂದ ತರಕಾರಿ, ತಾಂಡ್ಯದ ಕಾರ್ಖಾನೆಗಳಿಂದ ರಟ್ಟಿನ ಪೆಟ್ಟಿಗೆ — ದಿನಕ್ಕೆ ಎರಡು ಮೂರು ಟ್ರಿಪ್ಪು. ಅಂಥದ್ದೇ ಗಾಡಿ ಕೊಂಡವರು ಸುತ್ತಮುತ್ತ ಏಳೆಂಟು ಜನ ಇದ್ದರು. ಬನ್ನೂರಿನ ಕಡೆಯಿಂದಲೂ ಕೆಲವರು ಬರುತ್ತಿದ್ದರು. ಆದರೆ ಎರಡು ಪಟ್ಟಣಗಳ ನಡುವೆ ಎಲ್ಲೂ ಚಾರ್ಜ್ ಮಾಡುವ ಜಾಗವಿರಲಿಲ್ಲ. ನಿಮ್ಮ ಮನೆ ಕಾಲೊನಿಯ ಮೊದಲನೆಯದು, ರಸ್ತೆಗೆ ಮುಖ. ಪಕ್ಕದಲ್ಲಿ ನಿಮ್ಮದೇ ಖಾಲಿ ಜಾಗ. ಅಲ್ಲಿ ತಗಡಿನ ಚಾವಣಿ ಹಾಕಿ, ಬೇರೆ ಮೀಟರ್ ಇಡಿಸಿ, ಅರ್ಥಿಂಗ್ ಎಲ್ಲ ಸರಿಯಾಗಿ ಮಾಡಿಸಿ, ನಾಲ್ಕು ಗಾಡಿ ನಿಲ್ಲುವ ಚಾರ್ಜಿಂಗ್ ಜಾಗ ಮಾಡಬೇಕು — ಇದು ನಿಮ್ಮ ಯೋಚನೆ. ಸಿದ್ದರಾಜುವಿನದಲ್ಲ, ನಿಮ್ಮದು. ಅಷ್ಟು ಹೊತ್ತಿಗೆ ನೀವು ತಾಂಡ್ಯದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದಿದ್ದಿರಿ. ಹೊಸ ಮೀಟರಿಗೆ ವಿದ್ಯುತ್ ಕಚೇರಿಯವರು, ಜಾಗ ರಸ್ತೆಗೆ ಅಂಟಿಕೊಂಡಿದೆ, ಪಂಚಾಯಿತಿಯಿಂದ ಒಂದು ಎನ್‌ಓಸಿ ತನ್ನಿ ಎಂದರು. ತಮ್ಮದೇನೂ ಆಕ್ಷೇಪಣೆ ಇಲ್ಲ ಎಂದು ಪಂಚಾಯಿತಿ ಬರೆದುಕೊಡುವ ಎರಡು ಸಾಲಿನ ಪತ್ರ. ನನ್ನ ಒಂದು ಸಹಿ.

ನೀವು ಮೊದಲ ಸಲ ಬಂದ ದಿನ ನನ್ನ ಕೋಣೆಯಲ್ಲಿ ಇಬ್ಬರು ಸದಸ್ಯರು ಕೂತಿದ್ದರು. ಬಿಲ್ ಕಲೆಕ್ಟರ್ ನಾಗೇಂದ್ರ ಬಾಗಿಲ ಹತ್ತಿರ ನಿಂತಿದ್ದ. ನಾನು ಅರ್ಜಿ ನೋಡಿ, “ಏನಮ್ಮ, ಇದಕ್ಕೆ ಮೊದಲು ಲೈಸೆನ್ಸ್ ತಗೋಬೇಕು. ಅದಿಲ್ಲದೆ ಎನ್‌ಓಸಿ ಹೇಗೆ ಕೊಡೋದು?” ಎಂದೆ. ನೀವು ಪ್ಲಾಸ್ಟಿಕ್ ಕವರಿನಿಂದ ಒಂದು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಿರಿ.

“ಇಲ್ಲ ಸಾ. ಚಾರ್ಜಿಂಗ್ ಜಾಗಕ್ಕೆ ಲೈಸೆನ್ಸ್ ಬ್ಯಾಡ ಅಂತ ಸರ್ಕಾರದೋರೇ ಬರ್ದವ್ರೆ. ಸೇಫ್ಟಿ ಸರ್ಯಾಗಿ ಮಾಡುದ್ರೆ ಸಾಕಂತೆ. ಎರಡ್ನೇ ಪೇಜು ನೋಡಿ, ಗೀಟಾಕಿವ್ನಿ.”

ದನಿಯಲ್ಲಿ ಸೊಕ್ಕಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಸದಸ್ಯರಲ್ಲಿ ಒಬ್ಬರು ನಕ್ಕರು. ನಾಗೇಂದ್ರ ಹಲ್ಲು ಕಿರಿದು, “ಸಾಹೇಬ್ರುಗೇ ಪಾಠ ಆಗೋಯ್ತು” ಎಂದ. ನಾನೂ ನಕ್ಕೆ. “ಆಯ್ತಮ್ಮ, ಇಟ್ಟು ಹೋಗು. ನೋಡೋಣ” ಎಂದೆ.

ನೀವು ಹೋದ ಮೇಲೆ ಹುಡುಕಿದೆ. ಅದೇ ಆದೇಶ ನನ್ನ ಕಚೇರಿಗೂ ಬಂದಿತ್ತು. ಎಷ್ಟೋ ತಿಂಗಳ ಹಿಂದೆ ಬಂದು ಟಪಾಲಿನ ಕಟ್ಟಿನಲ್ಲಿ ಬಿಚ್ಚದೆ ಬಿದ್ದಿತ್ತು. ನೀವು ಗೀಟು ಹಾಕಿದ್ದ ಸಾಲು ಅದರಲ್ಲೂ ಇತ್ತು. ನಾನು ಅದನ್ನು ಮತ್ತೆ ಮಡಚಿ ಮೇಜಿನ ಕೆಳಗಿನ ಖಾನೆಯಲ್ಲಿ ಹಾಕಿ ಬೀಗ ಹಾಕಿದೆ.

ಇಲ್ಲಿ ನಿಂತು ನಿಜ ಬರೆಯಬೇಕು. ನನ್ನ ತಪ್ಪು ಹಿಡಿದವರು ಅದಕ್ಕೆ ಮುಂಚೆಯೂ ಇದ್ದರು. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಖಾತೆ ವಿಷಯದಲ್ಲಿ ಒಮ್ಮೆ ನನ್ನನ್ನು ಎಲ್ಲರೆದುರು ತಿದ್ದಿದ್ದರು. ನಾನು ಕೈಮುಗಿದು, ನೀವು ಹೇಳಿದ್ದು ಒಳ್ಳೆಯದಾಯಿತು ಎಂದು ಅವರ ಕೆಲಸ ಅಂದೇ ಮಾಡಿಕೊಟ್ಟಿದ್ದೆ. ನಿಮ್ಮ ಅರ್ಜಿಯಲ್ಲಿ ವಿಳಾಸವಿತ್ತು. ನಿಮ್ಮ ಕಾಲೊನಿ ಯಾವ ಜಾತಿಯವರದೆಂದು ನನಗೆ ಗೊತ್ತಿತ್ತು. ಆ ಕಾಲೊನಿಯ ಹೆಂಗಸೊಬ್ಬಳು ನನಗೆ ಎರಡನೆಯ ಪುಟ ನೋಡಿ ಎಂದಳು — ಎದೆಯಲ್ಲಿ ಉರಿದದ್ದು ಇದು. ಇದಕ್ಕೆ ಬೇರೆ ಹೆಸರು ಹುಡುಕಿ ಸಾಕಾಗಿದೆ. ನಿಯಮ, ಶಿಸ್ತು, ಮುಂಜಾಗ್ರತೆ — ಯಾವ ಹೆಸರೂ ಹೊಂದುವುದಿಲ್ಲ. ಮೇಷ್ಟರಿಗೆ ‘ನೀವು’ ಎಂದವನು ನಿಮಗೆ ಕೊನೆಯವರೆಗೆ ‘ನೀನು’ ಎಂದೆ. ಇವತ್ತು ‘ನೀವು’ ಎಂದು ಬರೆಯುತ್ತಿದ್ದೇನೆ. ಅದರಿಂದ ಏನೂ ಸರಿಹೋಗುವುದಿಲ್ಲವೆಂದು ಗೊತ್ತಿದೆ.

ಆಮೇಲೆ ನಡೆದದ್ದು ನಿಮಗೆ ನೆನಪಿರುತ್ತದೆ. ನಾನು ಒಂದೊಂದೇ ಕಾಗದ ಕೇಳುತ್ತಾ ಹೋದೆ. ಎಲ್ಲ ಒಟ್ಟಿಗೆ ಕೇಳಲಿಲ್ಲ — ಒಂದು ತಂದ ಮೇಲೆ ಇನ್ನೊಂದು. ಜಾಗದ ನಕ್ಷೆ ತಂದಿರಿ. ಅಕ್ಕಪಕ್ಕದವರ ಒಪ್ಪಿಗೆ ತಂದಿರಿ. ರಸ್ತೆಯ ಅಂಚಿನಿಂದ ಎಷ್ಟು ದೂರವಿದೆ ಎಂದು ಲೋಕೋಪಯೋಗಿ ಇಲಾಖೆಯಿಂದ ಬರೆಸಿಕೊಂಡು ಬಾ ಎಂದೆ. ಅದಕ್ಕೆ ನೀವು ನರಸೀಪುರಕ್ಕೆ ನಾಲ್ಕು ಸಲ ಓಡಾಡಿದಿರಿ, ನಾಲ್ಕು ದಿನ ಶಿಫ್ಟು ತಪ್ಪಿಸಿ. ಅಗ್ನಿಶಾಮಕದವರಿಂದ ಪತ್ರ ತಾ ಎಂದೆ. ಅವರು ಇಷ್ಟು ಚಿಕ್ಕ ಜಾಗಕ್ಕೆ ನಮ್ಮ ಪತ್ರ ಬೇಕಾಗಿಲ್ಲ ಎಂದರಂತೆ. ನೀವು ಬಿಡಲಿಲ್ಲ. ‘ಬೇಕಾಗಿಲ್ಲ’ ಎಂಬುದನ್ನೇ ಅವರ ಕೈಯಲ್ಲಿ ಬರೆಸಿಕೊಂಡು ಬಂದಿರಿ! ನಾನು ಅದನ್ನು ತಿರುವಿ ನೋಡಿ, ಇದಕ್ಕೆ ರವಾನೆ ಸಂಖ್ಯೆ ಹಾಕಿಲ್ಲ, ಹಾಕಿಸಿಕೊಂಡು ಬಾ ಎಂದೆ. ನೀವು ನನ್ನ ಮುಖ ನೋಡಿದಿರಿ. ಒಂದು ಕ್ಷಣ, ಅಷ್ಟೆ. ಆಮೇಲೆ ಕಾಗದ ಎತ್ತಿಕೊಂಡು ಹೋದಿರಿ, ಮೂರನೆಯ ದಿನ ಸಂಖ್ಯೆ ಹಾಕಿಸಿ ತಂದಿರಿ.

ನಿಮ್ಮ ಹಟ ನೋಡಿ ನನಗೆ ಮೆಚ್ಚುಗೆಯಾಗಬೇಕಿತ್ತು. ಆಗಲಿಲ್ಲ. ನನ್ನ ಹಟ ಗಟ್ಟಿಯಾಯಿತು.

ಸಿದ್ದರಾಜು ಕಚೇರಿಗೆ ಬಂದದ್ದು ಒಂದೇ ಸಲ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಅವರು ಮನೆಯಲ್ಲಿ ಹೇಳಿದ್ದರೋ ಇಲ್ಲವೋ ಎಂದು ಕೇಳಲು ನಿಮ್ಮ ಮನೆಗೆ ಬಂದಾಗ ನನಗೆ ಬಾಯಿ ಬರಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ, ಒಂದು ಮಧ್ಯಾಹ್ನ. ಗಾಡಿ ಹೊರಗೆ ನಿಲ್ಲಿಸಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದರು. ಯಾರೂ ಬಿಡಿ ಎಂದಿರಲಿಲ್ಲ.

“ಸಾ, ಅವ್ಳು ಓದ್ದೋಳು, ಅವ್ಳೇ ಎಲ್ಲ ಮಾತಾಡ್ತಾಳೆ. ನಾನ್ ಬಂದಿದ್ದು ಅವ್ಳಿಗೆ ಗೊತ್ತಿಲ್ಲ” ಎಂದು ಶುರು ಮಾಡಿದರು. “ಮನೇಯಿಂದ ವೈರ್ ಎಳ್ಕಂಡು ಗಾಡಿ ಚಾರ್ಜ್‌ಗೆ ಆಕ್ತಿವ್ನಿ ಸಾ. ವೈರು ಬಿಸಿ ಆಯ್ತದೆ. ಒಂದ್ ಕಡೆ ಸುಟ್ಟೋಗಿ ಟೇಪ್ ಸುತ್ತಿವ್ನಿ. ಮಳೆ ಇಡ್ಕಂಡ್ರೆ ಭಯ ಆಯ್ತದೆ ಸಾ. ವಸಿ ಬೇಗ ಮಾಡ್ಕೊಡಿ.”

ಆಗ ನಾನು ಆಡಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

“ಮನೆ ಕರೆಂಟಿನಲ್ಲಿ ಗಾಡಿ ಚಾರ್ಜ್ ಮಾಡೋಕೆ ನಿನಗೆ ಯಾರಯ್ಯ ಪರ್ಮಿಶನ್ ಕೊಟ್ಟಿದ್ದು? ಅದೂ ತಪ್ಪೇ. ವಿದ್ಯುತ್ ಕಚೇರಿಗೆ ಬರೆದು ಹಾಕಲಾ, ಇರೋ ಮೀಟರೂ ಕಿತ್ಕೊಂಡು ಹೋಗಲಿ?”

ಅವರ ಮುಖದ ಬಣ್ಣ ಹೋಯಿತು. “ಬ್ಯಾಡಿ ಸಾ, ಬ್ಯಾಡಿ. ತಪ್ಪಾಯ್ತು” ಎಂದರು. ತಪ್ಪಾಯ್ತು ಎಂದವರು ಅವರು! ಚಪ್ಪಲಿ ಮೆಟ್ಟಿಕೊಂಡು ಹೋದರು. ಮನೆಯಲ್ಲಿ ಚಾರ್ಜ್ ಮಾಡುವುದು ತಪ್ಪೆಂದು ಆದೇಶದಲ್ಲಿ ಎಲ್ಲೂ ಇರಲಿಲ್ಲ. ನಾನು ಬಾಯಿಗೆ ಬಂದದ್ದನ್ನು ಹೇಳಿ ಹೆದರಿಸಿದೆ. ಆದರೆ ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು — ವೈರು, ಟೇಪು, ಮಳೆ. ಅಪಾಯ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ನಿಮ್ಮ ಮನೆಯಲ್ಲಿ ಸಾವು ಕೂತಿದೆ ಎಂದು ಆ ಮನೆಯವರೇ ಬಂದು ತಿಳಿಸಿ ಹೋಗಿದ್ದರು.

ಅದಾಗಿ ಹದಿನೈದು ದಿನಕ್ಕೆ ನಿಮ್ಮ ಕಡತದಲ್ಲಿ ಕೇಳಲು ಏನೂ ಉಳಿಯಲಿಲ್ಲ. ಗುಮಾಸ್ತೆ ಎಲ್ಲವನ್ನೂ ಜೋಡಿಸಿ, ಟಿಪ್ಪಣಿ ಹಾಳೆಯಲ್ಲಿ ‘ದಾಖಲೆಗಳು ಪೂರ್ಣವಾಗಿವೆ, ಎನ್‌ಓಸಿ ನೀಡಬಹುದು’ ಎಂದು ಬರೆದು ನನ್ನ ಮೇಜಿಗೆ ಕಳುಹಿಸಿದರು. ಅದು ಐದು ವಾರ ಅಲ್ಲೇ ಇತ್ತು. ನಾನು ಬೇರೆ ಕಡತಗಳನ್ನು ಅದರ ಮೇಲಿಟ್ಟೆ, ತೆಗೆದೆ, ಇಟ್ಟೆ. ನೀವು ಬಂದು ನಿಂತಾಗ ‘ಟೇಬಲ್ ಮೇಲಿದೆ, ಆಗುತ್ತೆ’ ಎಂದೆ. ಸಹಿ ಮಾಡಲು ಎರಡು ಕ್ಷಣ ಸಾಕಿತ್ತು. ಮಾಡುವುದಿಲ್ಲ ಎಂದೂ ನಾನು ತೀರ್ಮಾನಿಸಿರಲಿಲ್ಲ. ಇನ್ನೆರಡು ಸಲ ಬರಲಿ, ಇನ್ನೊಂದು ಸಲ ಕೇಳಲಿ ಎಂದು... ಅಷ್ಟೆ. ನೀವು ಬಂದು ನಿಲ್ಲುವುದು ನನಗೆ ಬೇಕಾಗಿತ್ತು.

ಆ ಬೆಳಿಗ್ಗೆ ಏಳು ಗಂಟೆಗೆ ನೀರುಗಂಟಿ ಫೋನ್ ಮಾಡಿದ. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಐದೂವರೆಗೆ ಸಿದ್ದರಾಜು ಸಂತೆಗೆ ಹೊರಡಲು ಎದ್ದು, ಬರಿಗಾಲಲ್ಲಿ, ಒದ್ದೆ ಚಪ್ಪಡಿಯ ಮೇಲೆ ನಿಂತು ವೈರು ಬಿಡಿಸಲು ಹೋಗಿದ್ದಾರೆ. ನೀವು ಸದ್ದು ಕೇಳಿ ಓಡಿ ಬಂದು, ಬಟ್ಟೆ ಒಗೆಯುವ ದೊಣ್ಣೆಯಿಂದ ವೈರನ್ನು ತಳ್ಳಿದ್ದೀರಿ. ಆಗಲೇ ಮುಗಿದಿತ್ತು.

ನಾನು ಬಂದೆ. ಬರಲೇಬೇಕಿತ್ತು, ಪಂಚನಾಮೆಗೆ. ಬೂದು ಬಣ್ಣದ ವೈರು ಕಿಟಕಿಯ ಸರಳಿನ ನಡುವೆ ಹೊರಗೆ ಬಂದು, ನೆಲದ ಮೇಲೆ ಹರಿದು ಗಾಡಿಯವರೆಗೆ ಹೋಗಿತ್ತು. ನಡುವೆ ಕಪ್ಪು ಟೇಪು. ಟೇಪಿನ ಕೆಳಗೆ ನೀರು. ಅದು ಎಲ್ಲಿರುತ್ತದೆಂದು ನನಗೆ ಮೊದಲೇ ಗೊತ್ತಿದ್ದಂತೆ ನನ್ನ ಕಣ್ಣು ನೇರ ಅಲ್ಲಿಗೇ ಹೋಯಿತು. ನೀವು ಗೋಡೆಗೆ ಒರಗಿ ಕೂತಿದ್ದಿರಿ. ಮಗಳು ಚೈತ್ರ ನಿಮ್ಮ ಸೆರಗು ಹಿಡಿದುಕೊಂಡಿದ್ದಳು. ನಿಮ್ಮ ಅತ್ತೆ ಚಿಕ್ಕತಾಯಮ್ಮನವರು ಮಗನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, “ಬೆಚ್ಗೇ ಅದೆ, ನೋಡಿ, ಇನ್ನೂ ಬೆಚ್ಗೇ ಅದೆ” ಎನ್ನುತ್ತಿದ್ದರು. ನೀವು ನನ್ನ ಕಡೆ ನೋಡಿದಿರಿ.

ನಾಲ್ಕನೆಯ ದಿನ ಮೇಲಿನ ಕಚೇರಿಯಿಂದ ಪತ್ರ ಬಂತು. ಮೃತರ ಮನೆಯವರು ಚಾರ್ಜಿಂಗ್ ಜಾಗಕ್ಕೆ ಅರ್ಜಿ ಹಾಕಿದ್ದರೇ, ಹಾಕಿದ್ದರೆ ಯಾವ ಹಂತದಲ್ಲಿದೆ, ವರದಿ ಕೊಡಿ ಎಂದು. ನಾನು ನಿಮ್ಮ ಕಡತ ಬಿಚ್ಚಿದೆ. ಎಲ್ಲ ಇತ್ತು. ಎಲ್ಲವೂ ಸರಿಯಾಗಿತ್ತು. ನನ್ನ ಸಹಿ ಒಂದು ಬಿಟ್ಟು.

ಆಗ ನಾನು ಸಿದ್ದರಾಜುವನ್ನು ನೆನೆಯಲಿಲ್ಲ. ನಿವೃತ್ತಿಗೆ ಉಳಿದಿದ್ದ ವರ್ಷಗಳನ್ನು ನೆನೆದೆ. ಅಮಾನತು, ವಿಚಾರಣೆ, ನಮ್ಮ ಬೀದಿಯ ಜನ. ನಾಗೇಂದ್ರ ಊಟಕ್ಕೆ ಹೋಗಿದ್ದ. ಟಿಪ್ಪಣಿ ಬರೆದಿದ್ದ ಗುಮಾಸ್ತೆಗೆ ಹಿಂದಿನ ವಾರವೇ ಬೇರೆ ಪಂಚಾಯಿತಿಗೆ ವರ್ಗವಾಗಿತ್ತು. ಹೊರಗೆ ಹೋಗುವ ಪತ್ರಗಳನ್ನು ದಾಖಲಿಸುವ ರವಾನೆ ವಹಿ ತೆಗೆದು ಹಿಂದಕ್ಕೆ ಮಗುಚಿದೆ. ಒಂದು ಪುಟದ ಕೊನೆಯಲ್ಲಿ ಸಂಖ್ಯೆ ಹಾಕಿ ಖಾಲಿ ಬಿಟ್ಟ ಒಂದು ಸಾಲು ಸಿಕ್ಕಿತು. ಸಾವಿಗಿಂತ ನಾಲ್ಕು ವಾರ ಹಿಂದಿನ ತಾರೀಕು. ಅಲ್ಲಿ ನಿಮ್ಮ ಹೆಸರು ಬರೆದೆ. ಆಮೇಲೆ ಹಿಂಬರಹ ಬರೆದೆ. ಅದರ ಮಾತುಗಳು ನನಗೆ ಬಾಯಿಪಾಠವಾಗಿವೆ.

‘ಪಂಚಾಯಿತಿಯ ಅನುಮತಿ ದೊರೆಯುವವರೆಗೆ ಗೃಹಬಳಕೆಯ ಸಂಪರ್ಕದಿಂದ ವಾಹನವನ್ನು ಚಾರ್ಜ್ ಮಾಡಕೂಡದು. ಇದರಿಂದ ಪ್ರಾಣಾಪಾಯ ಸಂಭವಿಸಬಹುದು. ಈ ಬಗ್ಗೆ ಹದಿನೈದು ದಿನಗಳೊಳಗೆ ಮುಚ್ಚಳಿಕೆ ಬರೆದುಕೊಡತಕ್ಕದ್ದು. ತಪ್ಪಿದಲ್ಲಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗುವುದು.’

ಪ್ರಾಣಾಪಾಯ ಎಂಬ ಪದ ನನಗೆ ಹೇಗೆ ಹೊಳೆಯಿತು? ಕಣ್ಣಾರೆ ನೋಡಿ ಬಂದಿದ್ದೆನಲ್ಲ. ಸತ್ತವರಿಗೆ ನಾಲ್ಕು ದಿನ ತಡವಾಗಿ ಎಚ್ಚರಿಕೆ ಕೊಟ್ಟೆ, ಕೊಟ್ಟದ್ದನ್ನು ನಾಲ್ಕು ವಾರ ಮೊದಲೇ ಕೊಟ್ಟೆ ಎಂದೆ. ಗುಮಾಸ್ತೆಯ ಟಿಪ್ಪಣಿ ಹಾಳೆಯನ್ನು ಕಡತದಿಂದ ಕಿತ್ತು, ಬೇರೆ ಹಾಳೆ ಬರೆದು ಸೇರಿಸಿದೆ. ಕಿತ್ತದ್ದನ್ನು ಮನೆಗೆ ಒಯ್ದೆ. ಸುಡಲಿಲ್ಲ. ಅದು ಮನಸ್ಸಾಕ್ಷಿಯಿಂದ ಎಂದುಕೊಳ್ಳಬೇಡಿ. ಕಚೇರಿ ಕಾಗದ ಸುಟ್ಟು ಅಭ್ಯಾಸವಿರಲಿಲ್ಲ, ಅಷ್ಟೆ. ಆ ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ.

ವಿಚಾರಣೆಗೆ ಅಧಿಕಾರಿಗಳು ಬಂದ ದಿನ ನಿಮ್ಮ ಕೈಗೆ ಆ ಹಿಂಬರಹದ ನಕಲು ಕೊಟ್ಟು, ಇದು ನಿಮಗೆ ತಲುಪಿತ್ತೇ ಎಂದು ಕೇಳಿದರು. ನಾನು ಅವರ ಪಕ್ಕದಲ್ಲಿ ನಿಂತಿದ್ದೆ. ನೀವು ಓದಿದಿರಿ. ಮತ್ತೆ ಮೊದಲಿನಿಂದ ಓದಿದಿರಿ. ‘ಪ್ರಾಣಾಪಾಯ’ ಎಂಬಲ್ಲಿಗೆ ಬಂದಾಗ ನಿಮ್ಮ ಬೆರಳು ಅಲ್ಲೇ ನಿಂತಿತು.

“ಗೊತ್ತಿಲ್ಲ ಸಾ. ಬಂದಿರ್ಬೋದು. ನಾನ್ ಸಿಫ್ಟಿಗೆ ಓಗಿರ್ತೀನಿ, ಮನೇಲಿ ನಮ್ಮತ್ತೆ ಒಬ್ರೇ ಇರ್ತಾರೆ. ಅವ್ರಿಗೆ ಓದಕ್ ಬರಲ್ಲ. ನಾನ್ ನೋಡ್ನಿಲ್ಲ ಸಾ... ನಾನ್ ನೋಡ್ನಿಲ್ಲ.”

ನೀವು ಅಲ್ಲೇ ಕೂಗಾಡಬಹುದಿತ್ತು, ಸುಳ್ಳು ಎನ್ನಬಹುದಿತ್ತು. ಎನ್ನಲಿಲ್ಲ. ಅಷ್ಟು ಕಾಗದ ಹೊತ್ತು ತಿರುಗಿದವರು ನೀವು — ಕಾಗದವನ್ನು ನಂಬಿದಿರಿ. ‘ಅರ್ಜಿದಾರರ ನಿರ್ಲಕ್ಷ್ಯ’ ಎಂದು ವರದಿಯಾಯಿತು. ನಿಮಗೆ ಸಿಗಬೇಕಾಗಿದ್ದ ಪರಿಹಾರ ಸಿಗಲಿಲ್ಲ. ನನ್ನ ಮೇಲೆ ಒಂದು ಗೀರೂ ಬೀಳಲಿಲ್ಲ. ಎರಡು ತಿಂಗಳಾದ ಮೇಲೆ ಊರ ಆಚೆ ತುದಿಯಲ್ಲಿ ಅಕ್ಕಿ ಗಿರಣಿಯವರು ಚಾರ್ಜಿಂಗ್ ಜಾಗ ಮಾಡಲು ಅರ್ಜಿ ಕೊಟ್ಟರು. ನಾಲ್ಕನೆಯ ದಿನ ಎನ್‌ಓಸಿ ಕೊಟ್ಟೆ. ಲೈಸೆನ್ಸು ಕೇಳಲಿಲ್ಲ. ನಕ್ಷೆ ಕೇಳಲಿಲ್ಲ. ಆದೇಶದ ಎರಡನೆಯ ಪುಟ ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ಗಾಡಿಯನ್ನು ಕೊಂಡವನು ಈಗ ಅಲ್ಲೇ ಚಾರ್ಜ್ ಮಾಡುತ್ತಾನೆ ಎಂದು ಕೇಳಿದ್ದೇನೆ.

ಇಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಾನು ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಹಾರ ಹಾಕಿ, ಕಳಂಕವಿಲ್ಲದ ಸೇವೆ ಎಂದರು. ತಲೆ ಬಾಗಿಸಿ ಹಾರ ಹಾಕಿಸಿಕೊಂಡೆ. ಹಾಗೆಯೇ ಸಾಯುತ್ತಿದ್ದೆನೇನೋ. ಹೋದ ತಿಂಗಳು ನಂಜನಗೂಡು ಬಸ್ ನಿಲ್ದಾಣದಲ್ಲಿ ನೀವು ಸಿಗದೇ ಇದ್ದಿದ್ದರೆ.

ನಾನು ನರಸೀಪುರದಲ್ಲಿ ನೆಂಟರೊಬ್ಬರನ್ನು ನೋಡಲು ಹೊರಟಿದ್ದೆ. ಬಸ್ಸು ತುಂಬಿತ್ತು. ನೀವು ತಾಂಡ್ಯದಿಂದ ಶಿಫ್ಟು ಮುಗಿಸಿ ಬಂದವರು, ಕಿಟಕಿಯ ಹತ್ತಿರ ಕೂತಿದ್ದಿರಿ. ನನ್ನನ್ನು ನೋಡಿ, “ಬನ್ನಿ ಸಾ, ಇಲ್ಲಿ ಕೂತ್ಕಳಿ” ಎಂದು ಚೀಲ ತೆಗೆದು ಜಾಗ ಕೊಟ್ಟಿರಿ. ಚೆನ್ನಾಗಿದ್ದೀರಾ ಎಂದು ಕೇಳಿದಿರಿ. ಚೈತ್ರ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ ಎಂದು ಹೇಳಿದಿರಿ. ಆಮೇಲೆ, ನಾನು ಕೇಳದೆಯೇ —

“ಅವ್ಳಿಗೆ ಏಳ್ತಾನೇ ಇರ್ತೀನಿ ಸಾ. ಯಾವ ಕಾಗ್ದ ಬಂದ್ರೂ ಮೂರ್ ಸಲ ಓದು. ಒಂದ್ ಕಾಗ್ದ ನೋಡ್ದೇ ಓಗಿ ನಿಮ್ಮಪ್ಪನ್ನ ಕಳ್ಕಂಡೆ ಅಂತ. ನಮ್ಮತ್ತೆ ಒಲೆಗಾಕ್ಬುಟ್ರೋ ಏನೋ, ಕೇಳುದ್ರೆ ಬಂದೇ ಇಲ್ಲ ಅಂತಾರೆ. ಆವತ್ತಿಂದ ನಾನೂ ಅವ್ರೂ ಅಷ್ಟಾಗಿ ಮಾತಾಡಲ್ಲ ಸಾ. ಒಂದೇ ಮನೇಲಿರ್ತೀವಿ. ಅನ್ನ ಇಕ್ತೀನಿ, ಉಣ್ತಾರೆ.”

ನಿಮ್ಮೂರು ಬಂತು. ನೀವು ಇಳಿದಿರಿ, “ಬತ್ತೀನಿ ಸಾ” ಎಂದು ಕೈ ಮಾಡಿದಿರಿ. ನಾನು ನರಸೀಪುರದವರೆಗೆ ಹೋಗಿ, ನೆಂಟರ ಮನೆಗೆ ಹೋಗದೆ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಒಬ್ಬರನ್ನು ಕೊಂದೆ ಎಂದು ಮಾತ್ರ ನಾನು ಅಷ್ಟು ದಿನ ತಿಳಿದಿದ್ದೆ. ಬದುಕಿರುವ ಇಬ್ಬರು ಹೆಂಗಸರ ನಡುವೆ ಆ ಕಾಗದ ನಾಲ್ಕು ವರ್ಷದಿಂದ ಕೂತಿದೆ ಎಂದು ತಿಳಿದಿರಲಿಲ್ಲ. ಆ ಮುದುಕಿ ಮೊದಲ ದಿನದಿಂದ ನಿಜವನ್ನೇ ಹೇಳುತ್ತಿದ್ದರು — ಬಂದೇ ಇಲ್ಲ, ಬಂದೇ ಇಲ್ಲ. ಓದಲು ಬರದ ಅವರ ಮಾತಿಗೆ ನನ್ನ ಮೊಹರಿನ ಎದುರು ಬೆಲೆ ಸಿಗಲಿಲ್ಲ. ಮನೆಯವರಿಂದಲೂ ಸಿಗಲಿಲ್ಲ.

ಮೂರನೆಯ ದಿನ ನಿಮ್ಮ ಮನೆಗೆ ಬಂದೆ. ಭಾನುವಾರ. ನಾಲ್ಕು ವರ್ಷದ ಹಿಂದೆ ಹೊಸಿಲ ಹೊರಗೆ ನಿಂತು ಪಂಚನಾಮೆ ಬರೆಸಿದವನು ಮೊದಲ ಸಲ ಒಳಗೆ ಬಂದೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಸಿದ್ದರಾಜುವಿನ ಫೋಟೋ. ನೀವು ಅವರೆಕಾಯಿ ಬಿಡಿಸುತ್ತಿದ್ದಿರಿ. ನಾನು ನಿಂತುಕೊಂಡೇ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಸಿದ್ದರಾಜು ಕಚೇರಿಗೆ ಬಂದದ್ದೊಂದನ್ನು ಬಿಟ್ಟೆ — ಅದನ್ನು ಇಲ್ಲಿ ಬರೆದಿದ್ದೇನೆ. ನೀವು ತಡೆಯಲಿಲ್ಲ. ನಿಮ್ಮ ಕೈ ಕಾಯಿ ಬಿಡಿಸುತ್ತಲೇ ಇತ್ತು, ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿತ್ತು, ಸಿಪ್ಪೆಯನ್ನು ಕಾಳಿನ ತಟ್ಟೆಗೆ. ಹೇಳಿ ಮುಗಿದ ಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಿರಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಿರಿ.

“ಬರೀಬೇಕಾದ್ರೆ ಕೈ ನಡುಗ್ನಿಲ್ವಾ ಸಾ?”

ಇಲ್ಲ ಎಂದೆ. ಅದೇ ನಿಜ. ನಡುಗಲಿಲ್ಲ. ಅಕ್ಷರ ಎಂದಿನ ಹಾಗೆ ದುಂಡಗೆ ಬಂದಿತ್ತು.

ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ನೀವು ಕೈ ಎತ್ತಿ ತಡೆದಿರಿ.

“ಅದು ಬ್ಯಾಡ ಸಾ. ನನ್ಗೆ ಬರ್ದು ಕೊಡಿ. ನಾನ್ ನಮ್ಮತ್ತೇನ ನಂಬ್ನಿಲ್ಲ. ನಿಮ್ ಕಾಗ್ದ ನಂಬ್ದೆ. ನಾಕ್ ವರ್ಸ. ಈಗ ನಾನ್ ಹೋಗಿ ಬಾಯಲ್ಲೇಳುದ್ರೆ ಆಯಮ್ಮ ನಂಬ್ತದಾ? ಇನ್ನೊಂದ್ ಕಾಗ್ದನೇ ಬೇಕು. ಬರ್ದು, ಸೈನ್ ಹಾಕಿ ಕೊಡಿ.” ಒಳಗಿನ ಕೋಣೆಯ ಕಡೆ ನೋಡಿ, “ಅವ್ರಿಗೆ ಈಗ ಕಿವೀನೂ ಕೇಳ್ಸಲ್ಲ. ಇಷ್ಟ್ ಹೊತ್ತು ನೀವು ಏಳಿದ್ದು ಒಂದೂ ಗೊತ್ತಾಗಿಲ್ಲ” ಎಂದಿರಿ. ಅಲ್ಲಿಗೆ ಮೊದಲ ಸಲ ನಿಮ್ಮ ದನಿ ಒಡೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹಿತ್ತಲಿಗೆ ಹೋದಿರಿ. ನಾನು ಸ್ವಲ್ಪ ಹೊತ್ತು ನಿಂತಿದ್ದು ಹೊರಟು ಬಂದೆ.

ಬರೆದಾಯಿತು. ಇವತ್ತಿನ ತಾರೀಕು ಹಾಕಿ ಸಹಿ ಮಾಡಿದ್ದೇನೆ. ಇದರ ಒಂದು ಪ್ರತಿ ತಾಲ್ಲೂಕು ಕಚೇರಿಗೆ, ಒಂದು ಪ್ರತಿ ಪೊಲೀಸ್ ಠಾಣೆಗೆ — ಎರಡನ್ನೂ ನಾನೇ ಹೋಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನನ್ನ ಹೆಂಡತಿಗೆ ನಿನ್ನೆ ಹೇಳಿದೆ. ಅವಳು ಇನ್ನೂ ನನ್ನ ಜೊತೆ ಮಾತಾಡಿಲ್ಲ. ನಿಮ್ಮ ಪರಿಹಾರದ ಅರ್ಜಿ ಮತ್ತೆ ತೆರೆಯಬಹುದೆಂದು ವಕೀಲರೊಬ್ಬರು ಹೇಳಿದ್ದಾರೆ. ಅದಕ್ಕೆ ಬೇಕಾದ ಸಾಕ್ಷಿ ಹೇಳಲು ಎಲ್ಲಿಗೆ ಕರೆದರೂ ಬರುತ್ತೇನೆ. ಇದರಿಂದ ಸಿದ್ದರಾಜು ಬರುವುದಿಲ್ಲ. ನಾನು ನಿಮ್ಮ ಕ್ಷಮೆಯನ್ನು ಕೇಳುತ್ತಿಲ್ಲ. ಬೇಡ ಎಂದಿರಿ, ಬೇಡ.

ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಇದನ್ನು ಹಿಡಿದುಕೊಂಡು ಬರುತ್ತೇನೆ. ಚಿಕ್ಕತಾಯಮ್ಮನವರನ್ನು ಜಗಲಿಯಲ್ಲಿ ಕೂರಿಸಿ. ಕಾಗದವನ್ನು ನಾನೇ ಓದುತ್ತೇನೆ. ಅವರಿಗೆ ಕಿವಿ ಕೇಳಿಸುವುದಿಲ್ಲ, ಆದ್ದರಿಂದ ಕೂಗಿ ಓದುತ್ತೇನೆ. ಬೀದಿಯವರೆಲ್ಲ ಕೇಳಿಸಿಕೊಳ್ಳಲಿ.